ಕಂಪ್ಲಿಯ ಮೈಕಿನಲ್ಲಿ ಆಡಿದ ಮಾತು

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿದ್ದ, ಗಣಿಯ ಅದಿರನ್ನು ರಾಶಿ ಹಾಕಿಡುವ ಒಂದು ಪ್ಲಾಟಿಗೆ ಜಡೆಪ್ಪ ವಾಚ್‌ಮನ್ ಆಗಿದ್ದ. ಊರಿಗೆಲ್ಲ ಅವನು ಮಿಲ್ಟ್ರಿ ಜಡೆಪ್ಪ. ಸೈನ್ಯದಿಂದ ಹವಾಲ್ದಾರನಾಗಿ ಹೊರಬಿದ್ದು ಹನ್ನೆರಡು ವರ್ಷವಾಗಿದ್ದರೂ ಬೆಳಿಗ್ಗೆ ಐದಕ್ಕೆ ಏಳುವುದು, ಗಡ್ಡ ಬೋಳಿಸಿಕೊಳ್ಳುವುದು, ಬೂಟಿಗೆ ಪಾಲಿಶ್ ಹಚ್ಚುವುದು, ದೊಡ್ಡವರು ಎದುರಿಗೆ ಬಂದರೆ ತಾನೇ ತಾನಾಗಿ ಬೆನ್ನು ನೆಟ್ಟಗಾಗುವುದು, ಇವು ಯಾವುವೂ ಬಿಟ್ಟುಹೋಗಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಮಗಳು ತುಳಸಿ, ಅವಳ ಒಂದು ವರ್ಷದ ಕೂಸು ಕಾವ್ಯ. ಅಳಿಯ ನಾಗಭೂಷಣ ಜಮ್ಮುವಿನ ಗಡಿಯಲ್ಲಿ ಸಿಪಾಯಿ.

ನಾಗಭೂಷಣ ಬರೀ ಅಳಿಯನಲ್ಲ, ಚೋರನೂರಿಗೆ ಕೊಟ್ಟಿದ್ದ ತಂಗಿಯ ಮಗ. ಎಸ್ಸೆಸ್ಸೆಲ್ಸಿ ಮುಗಿಸಿ ಸುಮ್ಮನೆ ತಿರುಗುತ್ತಿದ್ದವನನ್ನು ಬಳ್ಳಾರಿಯ ಸೈನ್ಯ ಭರ್ತಿಯ ಮೈದಾನಕ್ಕೆ ಕರೆದೊಯ್ದು ಓಟಕ್ಕೆ ನಿಲ್ಲಿಸಿದವನು, ಎದೆ ಅಳೆಯುವಾಗ ಉಸಿರು ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟವನು ಜಡೆಪ್ಪನೇ. ಮುಂದೆ ಮಗಳನ್ನೂ ಅವನಿಗೇ ಕೊಟ್ಟ. "ನನ್ನ ಮನಿಯಾಗ ಇನ್ನೊಬ್ಬ ಮಿಲ್ಟ್ರಿ" ಎಂದು ಮದುವೆಯ ದಿನ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಎರಡು ಸಾವಿರದ ಒಂದನೇ ಇಸವಿಯ ಡಿಸೆಂಬರಿನಲ್ಲಿ ದಿಲ್ಲಿಯ ಪಾರ್ಲಿಮೆಂಟಿನ ಮೇಲೆ ದಾಳಿಯಾಯಿತು. ವಾರದೊಳಗೆ ಸೈನ್ಯವೆಲ್ಲ ಗಡಿಯ ಕಡೆ ಹೊರಟಿತು. ಸಂಕ್ರಾಂತಿಗೆ ರಜೆಯ ಮೇಲೆ ಬರಬೇಕಿದ್ದ ನಾಗಭೂಷಣ ಬರಲಿಲ್ಲ. ಯುಗಾದಿಗೂ ಬರಲಿಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಭಾನುವಾರ ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿಗೆ ಫೋನು ಮಾಡುತ್ತಿದ್ದ. ತುಳಸಿ ಕೂಸನ್ನು ಎತ್ತಿಕೊಂಡು ಹತ್ತು ಗಂಟೆಗೇ ಹೋಗಿ ಅಲ್ಲಿಯ ಬೆಂಚಿನ ಮೇಲೆ ಕೂಡುತ್ತಿದ್ದಳು. ಫೋನು ಬಾರದ ಭಾನುವಾರಗಳೇ ಹೆಚ್ಚು.

ಪ್ಲಾಟಿನ ಎದುರು ಚಹಾದಂಗಡಿಯಲ್ಲಿ ದಿನವೂ ಇದೇ ಮಾತು. "ಒಂದ್ಸಲ ಒಳಗ ಹೊಕ್ಕು ಹೊಡದು ಬಿಡಬೇಕ್ರಿ, ಕಾಶ್ಮೀರದ ಕಿರಿಕಿರಿನ ಮುಗೀತೈತಿ" ಎಂದು ಒಬ್ಬ ಲಾರಿ ಡ್ರೈವರ್ ಅಂದರೆ, "ಅವರ ಹತ್ರನೂ ಅಣುಬಾಂಬ್ ಐತಲೇ, ಹುಡುಗಾಟ ತಿಳಕೊಂಡಿಯೇನು" ಎಂದು ಇನ್ನೊಬ್ಬ. ಕೊನೆಗೆ ಎಲ್ಲರೂ ಜಡೆಪ್ಪನ ಕಡೆ ತಿರುಗುತ್ತಿದ್ದರು. "ನೀವು ಹೋಗಿ ಬಂದವರು. ನೀವು ಹೇಳ್ರಿ." ಜಡೆಪ್ಪ ಲೋಟ ಕೆಳಗಿಟ್ಟು, "ಸರ್ಕಾರಕ್ಕ ಗೊತ್ತಿರ್ತೈತಿ" ಎಂದು ಗೇಟಿನ ಕಡೆ ನಡೆದುಬಿಡುತ್ತಿದ್ದ.

ಅವನು ಹೋಗಿ ಬಂದಿದ್ದು ನಿಜ. ಎಂಬತ್ತೇಳರಲ್ಲಿ ಲಂಕೆಗೆ ಕಳಿಸಿದ ಶಾಂತಿ ಪಡೆಯಲ್ಲಿ ಅವನಿದ್ದ. ಹಡಗಿನಿಂದ ಇಳಿದಾಗ ಅಲ್ಲಿಯ ಜನ ಹಾರ ಹಾಕಿದ್ದರು, ಮಕ್ಕಳು ಲಾರಿಯ ಹಿಂದೆ ಓಡಿ ಬಂದಿದ್ದವು. ಎರಡು ತಿಂಗಳೊಳಗೆ ಅದೇ ಓಣಿಗಳಿಂದ ಗುಂಡು ಬಂತು. ಯಾರು ನಮ್ಮವರು, ಯಾರು ಎದುರಾಳಿ ಎಂಬುದು ತಿಳಿಯುತ್ತಿರಲಿಲ್ಲ. ಯಾರನ್ನೋ ಹಿಡಿಯಬೇಕೆಂದು ಒಂದು ದಿನ ತಾಳೆಮರದ ಓಣಿಯೊಳಗೆ ಹತ್ತು ಮಂದಿ ಹೋದರು, ನಾಲ್ಕು ಮಂದಿ ಹೊರಗೆ ಬಂದರು. ಎರಡೂವರೆ ವರ್ಷದ ಮೇಲೆ ವಾಪಸು ಬರುವಾಗ ಹೋದ ಕೆಲಸ ಆಯಿತೋ ಇಲ್ಲವೋ ಎಂಬುದನ್ನು ಯಾರೂ ಹೇಳಲಿಲ್ಲ. ಇದನ್ನು ಜಡೆಪ್ಪ ಹೆಂಡತಿಗೂ ಹೇಳಿರಲಿಲ್ಲ. ಬಳ್ಳಾರಿಯ ಮೈದಾನದಲ್ಲಿ ಉಸಿರು ಹಿಡಿದು ನಿಂತಿದ್ದ ತಂಗಿಯ ಮಗನಿಗೂ ಹೇಳಿರಲಿಲ್ಲ.

ಮೇ ತಿಂಗಳ ನಡುವಿನಲ್ಲಿ ಜಮ್ಮುವಿನ ಹತ್ತಿರ ಸೈನಿಕರ ಕುಟುಂಬಗಳಿದ್ದ ಕ್ವಾರ್ಟರ್ಸಿಗೆ ನುಗ್ಗಿದವರು ಹೆಂಗಸರು ಮಕ್ಕಳೆನ್ನದೆ ಗುಂಡು ಹಾರಿಸಿದರು. ಆ ಭಾನುವಾರ ಫೋನು ಬಂತು. ತುಳಸಿ ಎರಡು ಮಾತಾಡಿ, ಮುಖ ಬಿಳುಚಿಕೊಂಡು ಅಪ್ಪನ ಕೈಗೆ ಕೊಟ್ಟಳು.

"ಮಾವ, ನಮ್ಮನ್ನ ಅಲ್ಲಿಗೆ ಕಳಿಸಿದ್ರು," ನಾಗಭೂಷಣನ ದನಿ ಗಟ್ಟಿಯಾಗಿತ್ತು, ಅವನದಲ್ಲವೆಂಬಂತಿತ್ತು. "ಸಾಲಾಗಿ ಮಲಗಿಸಿದ್ರು. ಕಾವ್ಯನಷ್ಟ ಕೂಸೊಂದಿತ್ತು. ಇನ್ನ ಎದಕ್ಕ ಕಾಯಾಕತ್ಯಾರ ಮಾವ? ಬಿಡ್ರಿ ಅಂದ್ರ ಇವತ್ತ ಹೋಗ್ತೀವಿ."

"ಹುಷಾರಾಗಿರು" ಎಂದಷ್ಟೇ ಜಡೆಪ್ಪ ಹೇಳಿದ.

ಮನೆಗೆ ನಡೆದು ಬರುವಾಗ ತುಳಸಿ ಅಂದಳು: "ಆದದ್ದು ಸಣ್ಣದಂತ ನಾ ಅನ್ನಾಂಗಿಲ್ಲಪ್ಪ. ನನಗೂ ಹೊಟ್ಟಿ ಉರೀತೈತಿ. ಆದ್ರ ಆ ಕೂಸು ಸತ್ತದ್ದಕ್ಕ ನನ್ ಕೂಸಿನ ಅಪ್ಪನ ಯಾಕ ಹೋಗಬೇಕು? ಆ ಕಾಶ್ಮೀರದ ಗುಡ್ಡ ಯಾರದಾದ್ರ ಯಾರಿಗೇನು ಬರ್ತೈತಿ? ನೀ ಅವ್ರಿಗೆ ಬುದ್ಧಿ ಹೇಳು. ನೀ ಹೇಳಿದ್ರ ಕೇಳ್ತಾರ."

ಹೇಳ್ತೀನಿ ಅಂದ. ಮುಂದಿನ ಭಾನುವಾರ ಫೋನು ಬರಲಿಲ್ಲ.

ಅದೇ ವಾರ ಮನೋಹರ್ ಪ್ಲಾಟಿಗೆ ಬಂದ. ಕಂಪ್ಲಿಯಲ್ಲಿ ಅವರದು ತಲೆಮಾರಿನ ರೈಸ್ ಮಿಲ್. ಈಚೆಗೆ ಅದಿರಿನ ವ್ಯಾಪಾರಕ್ಕೂ ಕೈ ಹಾಕಿ, ಜಡೆಪ್ಪ ಕೆಲಸ ಮಾಡುತ್ತಿದ್ದ ಪ್ಲಾಟಿನಲ್ಲಿ ಪಾಲು ಹಿಡಿದಿದ್ದ. ನಲವತ್ತರ ವಯಸ್ಸು, ದೊಡ್ಡ ದನಿ, ಕೆಟ್ಟ ಮನುಷ್ಯನಲ್ಲ. ಜೀಪಿನಿಂದ ಇಳಿದವನೇ ಜಡೆಪ್ಪನ ಹೆಗಲ ಮೇಲೆ ಕೈಯಿಟ್ಟ.

"ಜಡೆಪ್ಪಣ್ಣ, ಶುಕ್ರವಾರ ಸಂಜಿಗೆ ನಮ್ಮ ಮಿಲ್ಲಿನ ಮುಂದ ಸಭಾ ಇಟ್ಟೀವಿ. ಸೈನ್ಯಕ್ಕ ಬೆಂಬಲ ಅಂತ. ನೀವು ಎರಡು ಮಾತು ಆಡಬೇಕು."

"ನನಗ ಭಾಷಣ ಬರಾಂಗಿಲ್ರಿ ಸಾವ್ಕಾರ್ರೆ."

"ಭಾಷಣ ಯಾರ್ ಕೇಳ್ಯಾರ? ಕಂಡದ್ದು ಹೇಳ್ರಿ ಸಾಕು."

ಕಂಡದ್ದು ಹೇಳ್ರಿ ಎಂಬ ಆ ಮಾತು ಜಡೆಪ್ಪನಿಗೆ ನಾಟಿತು. ಹದಿನೈದು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೇಳಿಬಿಡಬೇಕು ಎಂದುಕೊಂಡ. ಮೂರು ದಿನ ಗೇಟಿನ ಬಳಿ ಕುಳಿತು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡ. ಹಾರ ಹಾಕಿದ್ದು, ಓಣಿಯೊಳಗೆ ಹೋಗಿದ್ದು, ಆರು ಮಂದಿಯ ಹೆಸರು. ಹೊರಡುವ ಮುಂಚೆ ತುಳಸಿಗೆ, "ನಾ ಇವತ್ತು ಬ್ಯಾಡಂತ ಹೇಳಿ ಬರ್ತೀನಿ ನೋಡು" ಎಂದ. ಅವಳು ಅವನ ಷರ್ಟಿಗೆ ತಾನೇ ಇಸ್ತ್ರಿ ಹಾಕಿ ಕೊಟ್ಟಳು.

ಮಿಲ್ಲಿನ ಅಂಗಳ ತುಂಬಿತ್ತು. ಭತ್ತ ಒಣಗಿಸುವ ಕಟ್ಟೆಯ ಮೇಲೆ ಶಾಮಿಯಾನ ಹಾಕಿ, ಕುರ್ಚಿ ಇಟ್ಟು, ಜಮ್ಮುವಿನಲ್ಲಿ ಸತ್ತ ಮಕ್ಕಳ ಪಟವನ್ನು ಪೇಪರಿನಿಂದ ದೊಡ್ಡದು ಮಾಡಿಸಿ ನಿಲ್ಲಿಸಿದ್ದರು. ಬಂದವರೆಲ್ಲ ಸುಮ್ಮನೆ ಕೂಗುವವರೇನಲ್ಲ. ಆ ಪಟದ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸರೂ ಇದ್ದರು. ಮೂರು ನಾಲ್ಕು ಜನ ಮಾತಾಡಿದ ಮೇಲೆ ಜನರ ನಡುವಿನಿಂದ ಕೊಟ್ರಯ್ಯ ಮೇಷ್ಟ್ರು ಎದ್ದು ನಿಂತರು. ನಿವೃತ್ತರಾದ ಮೇಷ್ಟ್ರು, ಊರಿನ ಅರ್ಧ ಮಂದಿಗೆ ಅಕ್ಷರ ಕಲಿಸಿದವರು.

"ನಂದೊಂದು ಪ್ರಶ್ನೆ ಐತ್ರಪ್ಪ," ಅಂದರು. "ನಾವು ಇಲ್ಲಿ ಕುಂತು ಹೊಡೀರಿ ಅಂತೀವಿ. ಹೊಡದ ಮ್ಯಾಲೆ ಏನು? ಒಳಗ ಹೋದವರು ಹೊರಗ ಬರೋದು ಹೆಂಗ? ಆ ಜಾಗದಾಗ ಇರೋ ಮಂದಿಗೆ ಏನ್ ಬೇಕಂತ ಯಾರರ ಕೇಳೀವೇನು?"

"ಕುಂದ್ರಿ ಮೇಷ್ಟ್ರ!" ಎಂದು ಹಿಂದಿನಿಂದ ಕೂಗು ಎದ್ದಿತು. "ಆ ಕೂಸುಗಳ ಪಟ ನೋಡಿ ಮಾತಾಡ್ರಿ!"

"ನಾ ಹೇಳಿದ್ದು ಬ್ಯಾಡಂದ್ರ ಬ್ಯಾಡ. ಜಡೆಪ್ಪ ಅಲ್ಲೇ ಕುಂತಾರ. ಲಂಕಾಕ್ಕ ಹೋಗಿ ಬಂದವರು. ಅವರನ್ನ ಕೇಳ್ರಿ."

ಮನೋಹರ್ ನಗುತ್ತ ಮೈಕು ತಂದು ಜಡೆಪ್ಪನ ಕೈಯಲ್ಲಿಟ್ಟ.

ಜಡೆಪ್ಪ ಎದ್ದ. ಮೈಕು ಕೀಂಯ್ ಅಂತು. "ನಾನು ಲಂಕಾಕ್ಕ ಹೋಗಿದ್ದೆ" ಎಂದ. ಅಷ್ಟಕ್ಕೇ ಚಪ್ಪಾಳೆ ಬಿತ್ತು. ಅವನು ಕಾದ. "ಒಂದು ಓಣಿಯೊಳಗ ಹತ್ತು ಮಂದಿ ಹೋದ್ವಿ. ನಾಲ್ಕು ಮಂದಿ ಬಂದ್ವಿ." ಈಗ ಹೆಸರು ಹೇಳಬೇಕು ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಿಂದ ಯಾರೋ ಮುಷ್ಟಿ ಎತ್ತಿ, "ವೀರ ಯೋಧರಿಗೆ" ಎಂದರು. "ಜಯವಾಗಲಿ" ಎಂದು ಅಂಗಳವೆಲ್ಲ ಕೂಗಿತು. ಮತ್ತೆ ಮತ್ತೆ ಕೂಗಿತು. ಅವನು "ಆದ್ರ" ಎಂದ, ಕೇಳಲಿಲ್ಲ. "ಅದು ಹಂಗಲ್ಲ" ಎಂದ, ಅದಕ್ಕೂ ಚಪ್ಪಾಳೆ ಬಿತ್ತು. ಅವನು ಏನು ಅಂದರೂ ಅದು ಬಾಯಿಂದ ಹೊರಬೀಳುತ್ತಲೇ ಬೇರೆಯದಾಗಿ ಹೋಗುತ್ತಿತ್ತು. ಮೇಷ್ಟ್ರು ಇನ್ನೂ ನಿಂತೇ ಇದ್ದರು, ಅವನನ್ನೇ ನೋಡುತ್ತಿದ್ದರು.

ಮನೋಹರ್ ಪಕ್ಕಕ್ಕೆ ಬಂದು, ದೊಡ್ಡ ದನಿಯಲ್ಲಿ, "ಹೇಳ್ರಿ ಹವಾಲ್ದಾರ್ರೆ. ಒಂದ ಮಾತು. ಹೊಡೀಬೇಕೋ, ಬ್ಯಾಡೋ?" ಎಂದ.

ಸೈನ್ಯದಲ್ಲಿ ಇಪ್ಪತ್ತು ವರ್ಷ, ಮೇಲಿನವರು ದನಿಯೆತ್ತಿ ಕೇಳಿದ್ದಕ್ಕೆಲ್ಲ ಹೌದೆಂದೇ ಹೇಳಿ ರೂಢಿಯಾದ ನಾಲಿಗೆ. ಬೆನ್ನು ನೆಟ್ಟಗಾಯಿತು.

"ಹೊಡೀಬೇಕು" ಎಂದ.

ಆಮೇಲೆ ಕೊರಳಿಗೆ ಹಾರ ಬಿತ್ತು. ಅದು ಹೇಗೆ ಬಾಯಿಂದ ಬಂತೆಂದು ಅವನಿಗೇ ತಿಳಿಯಲಿಲ್ಲ. ಕಣ್ಣೆತ್ತಿ ನೋಡಿದಾಗ ಮೇಷ್ಟ್ರು ನಿಂತಿದ್ದ ಜಾಗ ಖಾಲಿಯಿತ್ತು.

ಮನೋಹರ್ ಜೀಪಿನಲ್ಲಿ ಬಿಡ್ತೀನಿ ಅಂದರೂ ಕೇಳದೆ ಜಡೆಪ್ಪ ಬಸ್ಸಿಗೆಂದು ಬಂದ. ಕಂಪ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಕೊಟ್ರಯ್ಯ ಮೇಷ್ಟ್ರು ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಜಡೆಪ್ಪ ಹತ್ತಿರ ಹೋಗಿ ನಿಂತ. "ಮೇಷ್ಟ್ರೇ, ನಾ ಬ್ಯಾರೆ ಹೇಳಬೇಕಂತ ಬಂದಿದ್ದೆ."

"ಗೊತ್ತಾತು," ಮೇಷ್ಟ್ರು ಸಿಟ್ಟಿಲ್ಲದೆ ಹೇಳಿದರು. "ನಾ ಹೇಳಿದ್ರ ಮುದುಕಗ ಹೆದರಿಕಿ ಅಂತಾರ. ನೀವು ಹೇಳಿದ್ರ ಕೇಳ್ತಿದ್ರು. ನಿಮ್ಮೊಬ್ಬರಿಗೇ ಆ ಹಕ್ಕಿತ್ತು." ಅಷ್ಟು ಹೇಳಿ, ತಮ್ಮ ಓಣಿಯ ಕಡೆ ಎದ್ದು ಹೋದರು.

ಎರಡು ದಿನ ಬಿಟ್ಟು ಪೇಪರಿನ ಜಿಲ್ಲಾ ಪುಟದಲ್ಲಿ ಬಂತು. ಹಾರ ಹಾಕಿಕೊಂಡ ಜಡೆಪ್ಪನ ಫೋಟೊ, ಕೆಳಗೆ "ಯುದ್ಧ ನಡೆಯಲೇಬೇಕು: ಮಾಜಿ ಯೋಧನ ಕರೆ". ತುಳಸಿ ಅದನ್ನು ಪಕ್ಕದ ಮನೆಯಲ್ಲಿ ನೋಡಿ, ಕೇಳಿ ತಂದು, ಅಪ್ಪನ ಮುಂದೆ ಹಾಸಿದಳು.

"ಇದು ನೀನ ಹೇಳಿದ್ದೇನು?"

"ಹಂಗ ಹೇಳಬೇಕಂತ ಇರಲಿಲ್ಲವ್ವ."

"ಹೇಳಿದ್ಯೋ ಇಲ್ಲೋ?"

"ಹೇಳ್ದೆ."

ಅವಳು ಜಗಳ ಆಡಲಿಲ್ಲ. ಕೂಸಿಗೆ ಗಂಜಿ ಕುಡಿಸುತ್ತ ಗೋಡೆಯ ಕಡೆ ತಿರುಗಿ ಕುಳಿತಳು. ಭಾನುವಾರ ಬೂತಿನಲ್ಲಿ ಫೋನು ಬಂದಾಗ ದೂರು ಹೇಳುವಂತೆ ಎಲ್ಲವನ್ನೂ ಗಂಡನಿಗೆ ಹೇಳಿದಳು. ಆ ಕಡೆಯಿಂದ ನಗು ಕೇಳಿತು. ಆರು ತಿಂಗಳಲ್ಲಿ ಮೊದಲ ನಗು. "ಮಾವಗ ಫೋನ್ ಕೊಡು" ಎಂದ ನಾಗಭೂಷಣ.

"ಮಾವ, ಮಸ್ತ್ ಹೇಳೀರಿ! ನಮ್ಮ ಪ್ಲಟೂನಿನಾಗ ಎಲ್ಲರಿಗೂ ಹೇಳ್ತೀನಿ. ಇಲ್ಲಿ ಬಿಸಿಲಾಗ ಬಂಕರಿನಾಗ ಕುಂತು ಕುಂತು ತಲಿ ಕೆಟ್ಟೈತಿ. ಹೋಗ್ರಿ ಅನ್ನಾಂಗಿಲ್ಲ, ಬರ್ರಿ ಅನ್ನಾಂಗಿಲ್ಲ. ನಮ್ಮ ಹಿಂದ ಯಾರರ ಅದಾರಂತ ಅನ್ಸಿದ್ದು ಇವತ್ತ ನೋಡ್ರಿ. ಅದೂ ನೀವು, ಎಲ್ಲಾ ಕಂಡವರು."

ಹೇಳುವುದಾದರೆ ಅದೇ ಹೊತ್ತಾಗಿತ್ತು. ಬೂತಿನ ಗಾಜಿನಾಚೆ ತುಳಸಿ ಅವನ ಬಾಯನ್ನೇ ನೋಡುತ್ತ ನಿಂತಿದ್ದಳು. ಅಷ್ಟು ದೂರದಲ್ಲಿ, ಬಂದೂಕು ಹಿಡಿದು ಕುಳಿತ ಹುಡುಗನಿಗೆ ಆ ಒಂದು ಖುಷಿ ಸಿಕ್ಕಿದೆ. ಅದನ್ನು ಕಿತ್ತುಕೊಂಡರೆ ಅವನ ಕೈಯಲ್ಲಿ ಏನು ಉಳಿಯುತ್ತದೆ? "ಹೌದಪ್ಪ," ಎಂದ ಜಡೆಪ್ಪ, "ನಾವೆಲ್ಲಾ ಅದೀವಿ."

ಯುದ್ಧ ಆಗಲಿಲ್ಲ. ಜೂನ್ ಮುಗಿಯುವ ಹೊತ್ತಿಗೆ ಪೇಪರಿನ ಅಕ್ಷರ ಸಣ್ಣದಾಯಿತು. ಚಹಾದಂಗಡಿಯಲ್ಲಿ ಮಾತು ಕ್ರಿಕೆಟ್ಟಿಗೆ, ಅದಿರಿನ ರೇಟಿಗೆ ತಿರುಗಿತು. ಆದರೆ ಸೈನ್ಯ ಗಡಿಯಲ್ಲೇ ಉಳಿಯಿತು. ಗಡಿಯುದ್ದಕ್ಕೂ ಹೊಲಗಳಲ್ಲಿ ನೆಲಬಾಂಬು ಹೂತಿದ್ದರು. ಜುಲೈ, ಆಗಸ್ಟ್ ತಿಂಗಳಲ್ಲಿ ಅಲ್ಲಿ ಮಳೆ ಹಿಡಿಯಿತು. ಮಣ್ಣು ಸರಿಯಿತು, ಹೂತದ್ದೂ ಮಣ್ಣಿನ ಜೊತೆ ಸರಿಯಿತು.

ಆಗಸ್ಟ್ ಕೊನೆಯ ವಾರ ನಾಗಭೂಷಣ ದಿನವೂ ಓಡಾಡುವ ಕಾಲುದಾರಿಯಲ್ಲಿ ನೀರಿನ ಕ್ಯಾನು ಹೊತ್ತು ಹೋಗುತ್ತಿದ್ದ. ಹಿಂದಿನ ದಿನವೂ ಹೋಗಿದ್ದ ದಾರಿ. ಎಡಗಾಲು ಮೊಳಕಾಲಿನ ಕೆಳಗೆ ಹೋಯಿತು. ಸುತ್ತ ಯಾವ ಶತ್ರುವೂ ಇರಲಿಲ್ಲ, ಒಂದು ಗುಂಡೂ ಹಾರಿರಲಿಲ್ಲ. ಬಾಂಬು ನಮ್ಮವರೇ ಹೂತದ್ದು.

ಬೂತಿನವನು ಓಡಿ ಬಂದು ಹೇಳಿದ. ತುಳಸಿ ಅಳಲಿಲ್ಲ. "ಜೀವ ಐತಲ್ಲ?" ಎಂದು ಒಂದೇ ಮಾತನ್ನು ನಾಲ್ಕು ಸಲ ಕೇಳಿದಳು.

ಅಲ್ಲಿಂದ ಇಲ್ಲಿಂದ ಸಾಗಿಸಿ ಕೊನೆಗೆ ನಾಗಭೂಷಣನನ್ನು ಪುಣೆಯ ಮಿಲಿಟರಿ ಆಸ್ಪತ್ರೆಗೆ ತಂದರು. ಜಡೆಪ್ಪ ರಜೆ ಹಾಕಿ ಹೋಗಿ ಅಲ್ಲಿಯೇ ಉಳಿದ. ಅಕ್ಟೋಬರಿನ ಒಂದು ಮಧ್ಯಾಹ್ನ ವಾರ್ಡಿನ ಟೀವಿಯಲ್ಲಿ ಸೈನ್ಯವನ್ನು ಗಡಿಯಿಂದ ವಾಪಸು ಕರೆಸಿಕೊಳ್ಳುತ್ತಾರೆ ಎಂದು ಹೇಳಿದರು. ಆ ವಾರ್ಡಿನಲ್ಲಿ ಹೀಗೆಯೇ ಕಾಲು ಕಳೆದುಕೊಂಡ ಹನ್ನೊಂದು ಹುಡುಗರಿದ್ದರು. ಒಬ್ಬ ಎದ್ದು ಟೀವಿ ಬಂದ್ ಮಾಡಲು ಹೋಗಿ, ಊರುಗೋಲು ಸಿಗದೆ ಮತ್ತೆ ಕುಳಿತ.

"ಹಂಗಾದ್ರ ಹತ್ತು ತಿಂಗಳು ನಾವು ಅಲ್ಲಿ ಏನ್ ಮಾಡಿದ್ವಿ ಮಾವ?" ನಾಗಭೂಷಣ ಕೇಳಿದ.

ಜಡೆಪ್ಪ ಚಾದರ ಸರಿಮಾಡಿದ. "ನಾವೂ ಲಂಕಾದಿಂದ ಹಿಂಗ ಬಂದ್ವಿ" ಎಂದು ಶುರು ಮಾಡಿದ.

"ಹಿಂಗಲ್ಲ ಬಿಡ್ರಿ. ನೀವು ಯುದ್ಧನರ ನೋಡಿ ಬಂದ್ರಿ. ನನ್ನನ್ನ ಯಾವ ಯುದ್ಧದಾಗ ಕಾಲು ಹೋತು ಅಂತ ಕೇಳಿದ್ರ ನಾ ಏನ್ ಹೇಳ್ಲಿ?" ಅವನು ಗೋಡೆಯ ಕಡೆ ಹೊರಳಿದ.

ನಾಗಭೂಷಣ ಮನೆಗೆ ಬರುವ ಹೊತ್ತಿಗೆ ಎರಡು ಸಾವಿರದ ಮೂರರ ಬೇಸಿಗೆ ಮುಗಿದಿತ್ತು. ಹೊಸಪೇಟೆಗೆ ಬೇರೆಯದೇ ಹುಚ್ಚು ಹಿಡಿದಿತ್ತು. ಅದಿರು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. ಸಂಡೂರಿನಿಂದ ಇಳಿಯುವ ಲಾರಿಗಳ ಸಾಲು ಹಗಲೂ ಮುಗಿಯುತ್ತಿರಲಿಲ್ಲ, ರಾತ್ರಿಯೂ ಮುಗಿಯುತ್ತಿರಲಿಲ್ಲ. ರಸ್ತೆಯ ಬದಿಯ ಬೇವಿನ ಮರ, ಮನೆಯ ಗೋಡೆ, ಒಣಗಲು ಹಾಕಿದ ಬಟ್ಟೆ ಎಲ್ಲವೂ ಕೆಂಪು. ಮೊದಲು ನಾಲ್ಕು ದಿನ ನೋಡಲು ಜನ ಬಂದರು. ಗಡಿಯಲ್ಲಿ ಏನಾಯಿತು ಎಂದು ಕೇಳಿ, ನೀರಿನ ಕ್ಯಾನು ಎಂಬಲ್ಲಿಗೆ ಬರುವಾಗ ಚಹಾ ಕುಡಿದು ಎದ್ದರು.

ಒಂದು ಬೆಳಿಗ್ಗೆ ಮನೋಹರ್ ಬಂದ. ಹೊಸ ಗಾಡಿ, ಬಾಗಿಲಿನವರೆಗೂ ಕೆಂಪು ಧೂಳು. ಕಾವ್ಯಳನ್ನು ಎತ್ತಿಕೊಂಡು ಮುದ್ದು ಮಾಡಿದ. "ನಾಗಭೂಷಣ, ಮನಿಯಾಗ ಕುಂದ್ರಬ್ಯಾಡ. ನಮ್ಮ ಪ್ಲಾಟಿನ ವೇಬ್ರಿಡ್ಜಿನಾಗ ಕುಂತು ಲಾರಿ ತೂಕ ಬರ್ಕೊಳ್ಳೋ ಕೆಲಸ ಐತಿ. ನಾಳಿಂದ ಬಾ" ಎಂದ. ಅವನ ದನಿಯಲ್ಲಿ ನಿಜವಾದ ನೋವಿತ್ತು. "ನನಗ ಏನ್ ಸಂಕಟ ಅಂದ್ರ, ಅವತ್ತ ಹೊಡದಿದ್ರ ನಿನ್ ಕಾಲು ಹಿಂಗ ಸುಮ್ಮನ ಹೋಗ್ತಿರಲಿಲ್ಲ. ದಿಲ್ಲಿಯವರಿಗೆ ಧೈರ್ಯ ಸಾಲಲಿಲ್ಲ."

"ಹೌದ್ರಿ," ಎಂದ ನಾಗಭೂಷಣ. "ನಂದೂ ಅದ ಮಾತು."

ಚಹಾ ತಂದ ತುಳಸಿ ಲೋಟಗಳನ್ನು ಕೆಳಗಿಟ್ಟಳು. "ಹೊಡದಿದ್ರ ಇವರು ಮನಿಗೇ ಬರ್ತಿರಲಿಲ್ರಿ. ಕಾಲು ಹೋತಂತ ನಾ ಅಳತೀನಿ. ಆಳು ಉಳದ ಅಂತ ದಿನಾ ಕೈ ಮುಗೀತೀನಿ. ಯುದ್ಧ ಆಗಲಿಲ್ಲಲ್ಲ ಅಂತ ನಿಮಗೆಲ್ಲ ಯಾಕ ಇಷ್ಟು ಬ್ಯಾಸರ?"

"ನಿನಗ ತಿಳಿಯಾಂಗಿಲ್ಲ ಸುಮ್ಮನಿರು," ನಾಗಭೂಷಣ ಅಂದ. "ಆ ಕೂಸುಗಳನ್ನ ನೋಡಿದಾಂವ ನಾನು."

"ಮತ್ಯಾರಿಗೆ ತಿಳೀತೈತಿ? ಅಪ್ಪಗ ತಿಳೀತೈತಲ್ಲ? ಅಪ್ಪಾ, ಇವತ್ತರ ಬಾಯಿ ಬಿಟ್ಟು ಹೇಳು."

ಮೂವರೂ ಅವನನ್ನು ನೋಡಿದರು. ಜಡೆಪ್ಪ ಹೊಸ್ತಿಲಲ್ಲಿ ಕುಳಿತಿದ್ದ. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದು ಇನ್ನು ಇರಲಾರದು ಎನ್ನಿಸಿತು.

"ಅವತ್ತು ಕಂಪ್ಲಿಯೊಳಗ ನಾ ಹೇಳಿದ್ದು ನನ್ನ ಮಾತಲ್ಲ," ಎಂದ. "ಬ್ಯಾಡ ಅಂತ ಹೇಳಾಕ ಹೋಗಿದ್ದೆ. ಮಂದಿ ಕೂಗಿದ್ರು. ಸಾವ್ಕಾರ್ರು ಕೇಳಿದ್ರು. ಹೊಡೀಬೇಕು ಅಂದುಬಿಟ್ಟೆ. ಲಂಕಾದಾಗ ನಾ ಕಂಡದ್ದು ಅದಲ್ಲ. ಆರು ಮಂದಿ ಎದಕ್ಕ ಸತ್ರಂತ ನನಗ ಇವತ್ತಿಗೂ ಗೊತ್ತಿಲ್ಲ. ಹೋಗಬಾರದಿತ್ತು. ನಾವೂ ಹೋಗಬಾರದಿತ್ತು."

ಮನೋಹರ್ ಕೂಸನ್ನು ಕೆಳಗಿಳಿಸಿದ. "ಇರಲಿ ಬಿಡ್ರಿ, ಆಗಿ ಹೋದದ್ದು" ಎಂದು ಎದ್ದು, ಚಹಾ ಅರ್ಧಕ್ಕೇ ಬಿಟ್ಟು ಹೋದ.

ನಾಗಭೂಷಣ ಮೆಲ್ಲಗೆ ಕೇಳಿದ: "ಹಂಗಾದ್ರ ಫೋನಿನಾಗ ಹೌದಪ್ಪ ಅಂದಿದ್ದು?"

"ನಿನಗ ಖುಷಿ ಆಗಿತ್ತು. ಅದಕ್ಕ."

"ಅದೊಂದು ಮಾತು ಹಿಡಕೊಂಡು ಮೂರು ತಿಂಗಳು ಅಲ್ಲಿ ಕುಂತಿದ್ದೆ ಮಾವ. ಆಸ್ಪತ್ರಿಯೊಳಗ ಅದನ್ನ ಹಿಡಕೊಂಡಿದ್ದೆ. ಎಲ್ಲಾ ಕಂಡಾಂವ ಸರಿ ಅಂದಾನ, ನಾ ಅಲ್ಲಿದ್ದದ್ದು ಸುಳ್ಳಲ್ಲ ಅಂತ." ಅವನ ದನಿ ಏರಲೇ ಇಲ್ಲ. "ಅಷ್ಟು ತಿಳಿದಿತ್ತಂದ್ರ, ನನ್ನನ್ನ ಬಳ್ಳಾರಿಗೆ ಕರಕೊಂಡು ಹೋಗೋ ಮುಂಚೆ ಹೇಳಬೇಕಿತ್ತು. ಇಲ್ಲಂದ್ರ ಸಾಯೋತನಕ ಸುಮ್ಮನ ಇರಬೇಕಿತ್ತು."

ಜಡೆಪ್ಪ ಮಗಳ ಕಡೆ ನೋಡಿದ. ಅವಳಾದರೂ ಏನಾದರೂ ಅಂದಾಳು ಎಂದು. ತುಳಸಿ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದಳು. "ಈಗ ಹೇಳಿ ಏನಾತಪ್ಪ?" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಮರುದಿನ ನಾಗಭೂಷಣ ಕೆಲಸಕ್ಕೆ ಹೊರಟ. ಪ್ಲಾಟಿಗೆ ಇಬ್ಬರೂ ಒಂದೇ ದಾರಿಯಲ್ಲಿ ಹೋಗಬೇಕು. ಜಡೆಪ್ಪ ಮೊಪೆಡ್ ಹೊರಗೆ ತಂದು, ಸೀಟಿನ ಕೆಂಪು ಧೂಳು ಒರೆಸಿ, ಅಂಗಳದಲ್ಲಿ ಹಿಡಿದು ನಿಂತ. ಅಳಿಯ ಕಟ್ಟೆಯ ಮೇಲೆ ಕುಳಿತು ಹೊಸ ಕಾಲಿನ ಪಟ್ಟಿ ಬಿಗಿಯುತ್ತಿದ್ದ. ಬಕಲ್ಲು ಹಿಂದಿನ ಕಡೆ, ಕೈಗೆ ಎಟುಕುತ್ತಿರಲಿಲ್ಲ, ಸಿಕ್ಕರೂ ಜಾರುತ್ತಿತ್ತು. ಜಡೆಪ್ಪ ಸ್ಟ್ಯಾಂಡ್ ಹಾಕಿ ಬಳಿಗೆ ಹೋಗಿ ಬಗ್ಗಿದ.

"ಬ್ಯಾಡ ಮಾವ. ನಾ ಹಾಕ್ಕೊಂತೀನಿ."

ಜಡೆಪ್ಪ ನೆಟ್ಟಗಾದ. ಎರಡು ಹೆಜ್ಜೆ ಹಿಂದೆ ಬಂದು ಮತ್ತೆ ಮೊಪೆಡ್ ಹಿಡಿದುಕೊಂಡ. ಓಣಿಯ ತುದಿಯಲ್ಲಿ ಲಾರಿಗಳು ಒಂದರ ಹಿಂದೊಂದು ಹಾರನ್ ಹಾಕುತ್ತ ನಿಂತಿದ್ದವು. ನಾಗಭೂಷಣ ಪಟ್ಟಿಯನ್ನು ಬಿಚ್ಚಿ ಮೊದಲಿನಿಂದ ಶುರು ಮಾಡಿದ. ಅವನ ಹಣೆಯ ಮೇಲೆ ಬೆವರು ಮೂಡಿತು. ಮತ್ತೆ ಜಾರಿತು, ಮತ್ತೆ ಎಳೆದ. ಜಡೆಪ್ಪ ಕೈ ಚಾಚುವಷ್ಟು ದೂರದಲ್ಲೇ ನಿಂತಿದ್ದ. ನಿಂತು ನೋಡುತ್ತಲೇ ಇದ್ದ.